ಅಮೆರಿಕ ಕೊನೆಗೆ ಬರುವ ಸಿನಿಮಾಗಳು

ಹಡಗಿನ ಕಟಕಟೆಗೆ ಜನ ಮುಗಿಬಿದ್ದಿದ್ದಾರೆ. ದೂರದಲ್ಲಿ ಸ್ವಾತಂತ್ರ್ಯ ದೇವಿಯ ಪ್ರತಿಮೆ ಕಾಣಿಸಿದೆ. ತಲೆಗೆ ವಸ್ತ್ರ ಕಟ್ಟಿದ ಹೆಂಗಸರು, ಗಡ್ಡದ ಗಂಡಸರು, ಎಲ್ಲರ ಕಣ್ಣೂ ಅತ್ತಲೇ. ಅಷ್ಟರಲ್ಲಿ ಹಡಗಿನವರು ಬಂದು ಒಂದು ಹಗ್ಗ ಎಳೆದು, ಇಷ್ಟೂ ಜನರನ್ನು ಸಂತೆಗೆ ತಂದ ದನಗಳ ಹಾಗೆ ಒಂದು ಮೂಲೆಗೆ ಒತ್ತರಿಸಿ ನಿಲ್ಲಿಸುತ್ತಾರೆ. ಹಗ್ಗದ ಹಿಂದೆ ಸಿಕ್ಕಿಕೊಂಡ ಚಾರ್ಲಿ ಚಾಪ್ಲಿನ್ ಇನ್ನೊಮ್ಮೆ ಆ ಪ್ರತಿಮೆಯ ಕಡೆ ತಿರುಗಿ ನೋಡುತ್ತಾನೆ. ಆಮೇಲೆ ಅಧಿಕಾರಿಯ ಹಿಂಭಾಗಕ್ಕೆ ಒಂದು ಒದೆತ. 1917ರ ಜೂನಿನಲ್ಲಿ ಬಿಡುಗಡೆಯಾದ ಎರಡು ರೀಲಿನ ‘ದಿ ಇಮಿಗ್ರಂಟ್’ ಇದು. ನಗಿಸುವುದಕ್ಕೆ ಮಾಡಿದ ಚಿತ್ರ, ನಗು ಬರುತ್ತದೆ ಕೂಡ. ಆದರೆ ಆ ಹಗ್ಗ ಎಳೆಯುವ ಹೊತ್ತಿಗೆ ಥಿಯೇಟರಿನಲ್ಲಿ ನಗು ಸ್ವಲ್ಪ ತಡವರಿಸುವುದನ್ನು ನಾನು ಕೇಳಿಸಿಕೊಂಡಿದ್ದೇನೆ.

ಆ ಥಿಯೇಟರ್ ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ, ನೈಲ್ಸ್ ಎಂಬ ಹಳೆಯ ಪೇಟೆಬೀದಿಯಲ್ಲಿ. ಫ್ರೀಮಾಂಟ್ ಅಂದರೆ ನಮ್ಮವರಿಗೆ ದೋಸೆ, ದೇವಸ್ಥಾನ, ಸಾಫ್ಟ್‌ವೇರ್. ಅದೇ ಊರಿನ ನೈಲ್ಸಿನಲ್ಲಿ ಎಸನೇ ಎಂಬ ಕಂಪನಿಯ ಸ್ಟುಡಿಯೋ ಇತ್ತು, ಚಾಪ್ಲಿನ್ 1915ರಲ್ಲಿ ಅಲ್ಲಿ ಕೆಲವು ಚಿತ್ರ ಮಾಡಿದ್ದ ಅನ್ನುವುದು ಅಲ್ಲಿ ವರ್ಷಗಟ್ಟಲೆ ಇದ್ದವರಿಗೂ ಗೊತ್ತಿರುವುದಿಲ್ಲ. ಈಗ ಅಲ್ಲೊಂದು ಮೂಕಿ ಚಿತ್ರಗಳ ಸಂಗ್ರಹಾಲಯವಿದೆ. ಶನಿವಾರ ಸಂಜೆ ಹಳೆಯ ಪ್ರೊಜೆಕ್ಟರಿನಲ್ಲಿ ಚಿತ್ರ ಓಡಿಸುತ್ತಾರೆ, ಪರದೆಯ ಪಕ್ಕ ಕೂತು ಒಬ್ಬರು ಪಿಯಾನೋ ನುಡಿಸುತ್ತಾರೆ. ನಾನು ಗಂಡನ ವೀಸಾದ ಬಾಲ ಹಿಡಿದು ಎಚ್-4ರಲ್ಲಿ ಅಲ್ಲಿಗೆ ಹೋಗಿದ್ದವಳು. ಆಗಿನ ನಿಯಮದ ಪ್ರಕಾರ ಎಚ್-4ನವರು ಕೆಲಸ ಮಾಡುವಂತಿರಲಿಲ್ಲ. 2015ರಲ್ಲಿ ಕೆಲವರಿಗೆ ಅನುಮತಿ ಸಿಕ್ಕಿತು, ಅಷ್ಟರಲ್ಲಿ ನಾವು ಮೈಸೂರಿಗೆ ವಾಪಸಾಗಿದ್ದೆವು. ಕೆಲಸವಿಲ್ಲದವಳಿಗೆ ಊರಿನ ಲೈಬ್ರರಿಯೇ ಗತಿ. ಅಲ್ಲಿ ಸಿನಿಮಾ ಡಿವಿಡಿ ಪುಕ್ಕಟೆ ಕೊಡುತ್ತಿದ್ದರು. ನೈಲ್ಸಿನ ಆ ಸಂಜೆಯ ನಂತರ ವಲಸೆಯ ಸಿನಿಮಾ ಅಂತ ಕಂಡದ್ದನ್ನೆಲ್ಲ ತಂದು ನೋಡಿದೆ.

ಒಂದು ತಾರೀಕು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಚಾಪ್ಲಿನ್ನನ ಚಿತ್ರ ಬರುವುದಕ್ಕೆ ನಾಲ್ಕು ತಿಂಗಳ ಹಿಂದೆ, 1917ರ ಫೆಬ್ರವರಿಯಲ್ಲಿ, ಅಧ್ಯಕ್ಷ ವಿಲ್ಸನ್ ನಿರಾಕರಿಸಿದ್ದ ಒಂದು ಮಸೂದೆಯನ್ನು ಅಮೆರಿಕದ ಕಾಂಗ್ರೆಸ್ ಪಟ್ಟು ಹಿಡಿದು ಕಾನೂನು ಮಾಡಿತು. ಬರುವವರಿಗೆ ಓದಲು ಬರಬೇಕು ಎಂದಿತು ಅದು. ಜೊತೆಗೆ ಏಷ್ಯಾದ ಭೂಪಟದ ಮೇಲೆ ಗೆರೆ ಎಳೆದು, ಇಷ್ಟು ಜಾಗದವರು ಬರಲೇಕೂಡದು ಎಂದಿತು. ಭಾರತ ಆ ಗೆರೆಯ ಒಳಗಿತ್ತು. 1923ರಲ್ಲಿ ಸುಪ್ರೀಂ ಕೋರ್ಟು, ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದ್ದ ಭಗತ್ ಸಿಂಗ್ ಥಿಂಡ್ ಅವರಿಗೂ ಪೌರತ್ವವಿಲ್ಲ ಎಂದು ತೀರ್ಪು ಕೊಟ್ಟಿತು. 1946ರಲ್ಲಿ ವರ್ಷಕ್ಕೆ 100 ಜನ ಭಾರತೀಯರು ಬರಬಹುದು ಎಂದರು. ಬಾಗಿಲು ನಿಜವಾಗಿ ತೆರೆದದ್ದು 1965ರಲ್ಲಿ. ಅಂದರೆ ಚಾಪ್ಲಿನ್ ನಿಂತ ಆ ಹಗ್ಗದ ಹಿಂದೆ ನಿಲ್ಲುವ ಹಕ್ಕೂ ನಮ್ಮವರಿಗೆ ಇರಲಿಲ್ಲ. ಆ ಸಂಜೆ ಫ್ರೀಮಾಂಟಿನ ಕುರ್ಚಿಯಲ್ಲಿ ಆರಾಮವಾಗಿ ಕೂತಿದ್ದ ನನಗೆ ಇದೇನೂ ಗೊತ್ತಿರಲಿಲ್ಲ. ಆಮೇಲೆ ಓದಿಕೊಂಡದ್ದು.

ಈ ಚಿತ್ರದ ಹುಟ್ಟಿನ ಕತೆ ನನಗೆ ಚಿತ್ರಕ್ಕಿಂತ ಹೆಚ್ಚು ಇಷ್ಟ. ಚಾಪ್ಲಿನ್ ಮೊದಲು ಚಿತ್ರೀಕರಿಸಿದ್ದು ಹೋಟೆಲಿನ ದೃಶ್ಯವನ್ನು. ಕಾಸಿಲ್ಲದ ಒಬ್ಬ, ಕಾಸಿಲ್ಲದ ಒಬ್ಬಳು, ಬಿಲ್ಲು ಕೊಡದವರನ್ನು ಚಚ್ಚಿಹಾಕುವ ದೈತ್ಯ ವೇಟರ್. ಅದನ್ನು ಎಷ್ಟು ಸಲ ತೆಗೆದನೆಂದರೆ ನಟಿ ಎಡ್ನಾ ಪರ್ವಿಯನ್ಸ್ ಹುರುಳಿಕಾಯಿ ಬೀಜ ತಿಂದೂ ತಿಂದೂ ಕಾಯಿಲೆ ಬಿದ್ದಳಂತೆ. ಹಾಗೆ ತೆಗೆಯುತ್ತ ಹೋದಾಗ ಪ್ರಶ್ನೆ ಎದ್ದಿತು. ಇವರಿಬ್ಬರೂ ಯಾರು? ಮೊದಲೇ ಎಲ್ಲಿ ಭೇಟಿಯಾಗಿದ್ದರು? ಇವರ ಹತ್ತಿರ ದುಡ್ಡು ಯಾಕಿಲ್ಲ? ಆ ಪ್ರಶ್ನೆಗೆ ಉತ್ತರವಾಗಿ ಹಡಗು ಬಂತು, ಪ್ರತಿಮೆ ಬಂತು, ಹಗ್ಗ ಬಂತು. ಅಮೆರಿಕದ ಹೋಟೆಲಿನಲ್ಲಿ ಹಸಿದು ಕೂತವನನ್ನು ತೋರಿಸಬೇಕಾದರೆ ಅವನು ಬಂದ ದಾರಿ ತೋರಿಸದೆ ಆಗುವುದಿಲ್ಲ ಎಂದು ಅವನಿಗೆ ಕೆಲಸ ಮಾಡುತ್ತ ಮಾಡುತ್ತ ತಿಳಿಯಿತು.

ನನ್ನ ವಾದವೂ ಇಷ್ಟೇ. ವಲಸೆಯ ಕಷ್ಟವನ್ನು ಚೆನ್ನಾಗಿ ತೋರಿಸಿದ ಸಿನಿಮಾಗಳಲ್ಲಿ ಅಮೆರಿಕ ತಡವಾಗಿ ಬರುತ್ತದೆ. ಕೆಲವದರಲ್ಲಿ ಬರುವುದೇ ಇಲ್ಲ. ನ್ಯೂಯಾರ್ಕಿನ ಚಳಿ, ಬರದ ಇಂಗ್ಲಿಷು, ಪಾತ್ರೆ ತೊಳೆಯುವ ಕೆಲಸ ಇವನ್ನು ಯಾರು ಬೇಕಾದರೂ ಚಿತ್ರೀಕರಿಸಬಹುದು. ಆದರೆ ಆ ಚಳಿಯಲ್ಲಿ ನಿಂತವನು ಏನು ಬಿಟ್ಟು ಬಂದ, ಯಾಕೆ ಬಿಟ್ಟ, ಬಿಡುವಾಗ ಯಾರ ಜೇಬಿಗೆ ಕೈ ಹಾಕಿದ, ಇದು ನೋಡುವವರಿಗೆ ಗೊತ್ತಿರದಿದ್ದರೆ ಆ ಚಳಿ ಬರಿಯ ಹವಾಮಾನ.

ಎಲಿಯಾ ಕಜಾನನ ‘ಅಮೆರಿಕ ಅಮೆರಿಕ’ವನ್ನೇ ತೆಗೆದುಕೊಳ್ಳಿ, 1963ರದು. ತಾನು ರಕ್ತದಿಂದ ಗ್ರೀಕ, ಹುಟ್ಟಿನಿಂದ ತುರ್ಕ, ದೊಡ್ಡಪ್ಪ ಒಂದು ಪ್ರಯಾಣ ಮಾಡಿದ್ದರಿಂದ ಅಮೆರಿಕದವ ಎಂದು ಕಜಾನ್ ಸ್ವಂತ ದನಿಯಲ್ಲೇ ಚಿತ್ರ ಶುರುಮಾಡುತ್ತಾನೆ. ಸುಮಾರು ಮೂರು ಗಂಟೆಯ ಚಿತ್ರದಲ್ಲಿ ಅಮೆರಿಕಕ್ಕೆ ಸಿಗುವುದು ಕೊನೆಯ ಕೆಲವೇ ನಿಮಿಷ. ಉಳಿದದ್ದೆಲ್ಲ ಅನಾಟೋಲಿಯಾದ ಬೆಟ್ಟದ ಹಾದಿ, ಕಾನ್‌ಸ್ಟಾಂಟಿನೋಪಲ್ಲಿನ ಬಂದರು. ಸ್ತಾವ್ರೋಸ್ ಎಂಬ ಹುಡುಗ. ಮನೆಯವರು ಇದ್ದಬದ್ದ ಒಡವೆ, ಕಂಬಳಿ ಎಲ್ಲ ಒಂದು ಕತ್ತೆಯ ಮೇಲೆ ಹೇರಿ ಅವನನ್ನು ಪಟ್ಟಣಕ್ಕೆ ಕಳಿಸುತ್ತಾರೆ. ಸಂಬಂಧಿಕನ ರತ್ನಗಂಬಳಿ ಅಂಗಡಿಯಲ್ಲಿ ಪಾಲುದಾರನಾಗಿ, ನಿಂತ ಮೇಲೆ ಒಬ್ಬೊಬ್ಬರನ್ನೇ ಕರೆಸಿಕೊಳ್ಳಲಿ ಅಂತ. ದಾರಿಯಲ್ಲಿ ಸ್ನೇಹದ ನೆಪದಲ್ಲಿ ಅಂಟಿಕೊಂಡ ಒಬ್ಬ ಅಷ್ಟನ್ನೂ ನುಂಗಿಹಾಕುತ್ತಾನೆ.

ಅಲ್ಲಿಂದ ಮುಂದೆ ಸ್ತಾವ್ರೋಸ್ ಮಾಡುವುದನ್ನೆಲ್ಲ ನೋಡುತ್ತ ಇವನು ಒಳ್ಳೆಯವನೋ ಕೆಟ್ಟವನೋ ಅನ್ನುವ ಲೆಕ್ಕ ತಪ್ಪಿಹೋಗುತ್ತದೆ. ಕೊಲೆ ಮಾಡುತ್ತಾನೆ. ಬಂದರಿನಲ್ಲಿ ಹಮಾಲಿಯಾಗಿ ಬೆನ್ನು ಮುರಿದುಕೊಳ್ಳುತ್ತಾನೆ. ಹಡಗಿನ ಟಿಕೆಟ್ಟಿನ ದುಡ್ಡಿಗಾಗಿ ಒಬ್ಬ ಸಾಹುಕಾರನ ಸಾಧು ಮಗಳ ಜೊತೆ ನಿಶ್ಚಿತಾರ್ಥ ಮಾಡಿಕೊಂಡು, ನನ್ನನ್ನು ನಂಬಬೇಡ ಎಂದು ಅವಳಿಗೇ ಹೇಳುತ್ತಾನೆ. ಕೊನೆಗೆ ಅವನು ಅಮೆರಿಕದ ನೆಲಕ್ಕೆ ಮುತ್ತಿಡುವುದು ಇನ್ನೊಬ್ಬನ ಹೆಸರಿನಲ್ಲಿ. ಕ್ಷಯ ಹಿಡಿದ ಗೆಳೆಯ ಹೊಹಾನೆಸ್ ತನ್ನನ್ನು ಹೇಗೂ ಒಳಗೆ ಬಿಡುವುದಿಲ್ಲ ಎಂದು ತಿಳಿದು, ದಡ ಕಾಣುವ ಹೊತ್ತಿಗೆ ಸಮುದ್ರಕ್ಕೆ ಹಾರಿ ತನ್ನ ಜಾಗ ಇವನಿಗೆ ಬಿಟ್ಟಿರುತ್ತಾನೆ. ಆಮೇಲಿನ ಅಮೆರಿಕ ಅಂದರೆ ಬೂಟ್ ಪಾಲಿಶ್ ಮಾಡುವ ಕೆಲಸ. ಅದನ್ನು ಅವನು ಎಷ್ಟು ಖುಷಿಯಿಂದ ಮಾಡುತ್ತಾನೆ ಅಂದರೆ ನೋಡುವುದಕ್ಕೆ ಹೆದರಿಕೆಯಾಗುತ್ತದೆ. ಮುಂದೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಬರುತ್ತಾರೆ, ಅಪ್ಪನೊಬ್ಬನನ್ನು ಬಿಟ್ಟು.

ವಲಸೆಗಾರ ಎಂದರೆ ಪಾಪದವ, ಅವನಿಗೆ ಎಲ್ಲರೂ ಅನ್ಯಾಯ ಮಾಡುತ್ತಾರೆ ಎಂಬ ಚಿತ್ರಗಳೇ ಹೆಚ್ಚು. ಹೋಗುವವನೂ ಅನ್ಯಾಯ ಮಾಡಿಯೇ ಹೋಗುತ್ತಾನೆ, ಅವನ ಟಿಕೆಟ್ಟಿಗೆ ಬೇರೆ ಯಾರೋ ದುಡ್ಡು ತೆತ್ತಿರುತ್ತಾರೆ ಎಂದು ಹೇಳುವ ಧೈರ್ಯ ಕಜಾನನಿಗಿತ್ತು. ಆ ಧೈರ್ಯ ಎಲ್ಲಿಂದ ಬಂತು ಎಂದು ಯೋಚಿಸಿದರೆ ಸ್ವಲ್ಪ ಕಸಿವಿಸಿ. 1952ರಲ್ಲಿ, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕದ ಸಂಸದೀಯ ಸಮಿತಿಯ ಮುಂದೆ ಹಳೆಯ ಗೆಳೆಯರ ಹೆಸರು ಹೇಳಿದವನು ಇದೇ ಕಜಾನ್. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಚಾಪ್ಲಿನ್ ಲಂಡನ್ನಿಗೆ ಹಡಗಿನಲ್ಲಿ ಹೊರಟಾಗ, ಅವನು ಮರಳಿ ಬರಲು ಕೊಟ್ಟಿದ್ದ ಪರವಾನಗಿಯನ್ನು ರದ್ದುಮಾಡಿದರು. ಅಮೆರಿಕದಲ್ಲಿ ಅಷ್ಟು ವರ್ಷ ಇದ್ದೂ ಅವನು ಅಲ್ಲಿನ ಪೌರನಾಗಿರಲಿಲ್ಲ. ಮತ್ತೆ ಅವನು ಅಲ್ಲಿ ಕಾಲಿಟ್ಟದ್ದು 1972ರಲ್ಲಿ, ಗೌರವ ಆಸ್ಕರ್ ತೆಗೆದುಕೊಳ್ಳಲು. ವಲಸೆಯ ಬಗ್ಗೆ ಎರಡು ದೊಡ್ಡ ಚಿತ್ರ ಮಾಡಿದ ಇಬ್ಬರು ವಲಸೆಗಾರರು. ಒಬ್ಬ ಒಳಗೆ ಉಳಿಯುವುದಕ್ಕೆ ಬೆಲೆ ತೆತ್ತ, ಇನ್ನೊಬ್ಬ ಹಗ್ಗದ ಹಿಂದಕ್ಕೆ ಹೋದ.

ಸ್ವೀಡನ್ನಿನ ಯಾನ್ ಟ್ರೊಯೆಲ್ ಮಾಡಿದ ಜೋಡಿ ಚಿತ್ರಗಳು, 1971ರ ‘ದಿ ಎಮಿಗ್ರಂಟ್ಸ್’ ಮತ್ತು 1972ರ ‘ದಿ ನ್ಯೂ ಲ್ಯಾಂಡ್’, ಎರಡೂ ಮೂರು ಗಂಟೆ ದಾಟುತ್ತವೆ. ವಿಲ್ಹೆಲ್ಮ್ ಮೊಬೆರಿಯ ಕಾದಂಬರಿ ಮಾಲೆ ಇವಕ್ಕೆ ಮೂಲ. ಮೊದಲನೆಯದನ್ನು ಒಂದೇ ಕೂತಲ್ಲಿ ನೋಡುವುದು ಸುಲಭವಲ್ಲ. ಏನೂ ಆಗುವುದಿಲ್ಲ ಅನ್ನಿಸುತ್ತದೆ. ಸ್ಮೋಲಾಂಡ್ ಎಂಬ ಸೀಮೆಯಲ್ಲಿ ಒಂದು ಬಡ ಹೊಲ. ನೇಗಿಲು ಹಾಕಿದಲ್ಲೆಲ್ಲ ಕಲ್ಲು. ಕಲ್ಲು ಎತ್ತಲು ಹೋಗಿ ಅಪ್ಪ ಕಾಲು ಮುರಿದುಕೊಂಡಿದ್ದಾನೆ, ಈಗ ಮಗ ಕಾರ್ಲ್ ಆಸ್ಕರ್ ಎತ್ತುತ್ತಿದ್ದಾನೆ. ಅವನ ತಮ್ಮ ರಾಬರ್ಟ್ ಬೇರೆಯವರ ಮನೆಯಲ್ಲಿ ಆಳು. ಯಜಮಾನ ಕಪಾಳಕ್ಕೆ ಹೊಡೆದ ಏಟಿಗೆ ಅವನ ಕಿವಿ ಒಡೆದು, ಜೀವನವಿಡೀ ಅದರೊಳಗೆ ಸದ್ದು. ಅಮೆರಿಕಕ್ಕೆ ಹೋಗೋಣ ಎಂದು ಗಂಡ ಅಂದರೆ ಹೆಂಡತಿ ಕ್ರಿಸ್ಟಿನಾ ಒಪ್ಪುವುದಿಲ್ಲ. ಹಡಗಿನಲ್ಲಿ ಮಕ್ಕಳು ಸತ್ತರೆ ಏನು ಮಾಡುತ್ತೀ ಎನ್ನುತ್ತಾಳೆ.

ಆಮೇಲೆ ಅವರ ದೊಡ್ಡ ಮಗಳು, ಹಸಿದ ಮಗು, ಬಾರ್ಲಿ ಗಂಜಿಯನ್ನು ಕಂಡು ತಡೆಯಲಾರದೆ ಹೊಟ್ಟೆ ಬಿರಿಯುವಷ್ಟು ತಿಂದು ಸಾಯುತ್ತದೆ. ಹಸಿವಿನಿಂದ ಸತ್ತದ್ದಲ್ಲ, ಹಸಿವಿದ್ದಲ್ಲಿ ಅನ್ನ ಕಂಡು ಸತ್ತದ್ದು. ಅವತ್ತು ಕ್ರಿಸ್ಟಿನಾ ಹೊರಡಲು ಒಪ್ಪುತ್ತಾಳೆ. ಕ್ರಿಸ್ಟಿನಾ ಆಗಿ ನಟಿಸಿದ ಲಿವ್ ಉಲ್ಮನ್ನಳ ಮುಖದಲ್ಲಿ ಆ ಒಪ್ಪಿಗೆಯನ್ನು ನೋಡಿದ ಮೇಲೆ ಯಾರಾದರೂ ‘ಒಳ್ಳೆಯ ಬದುಕು ಹುಡುಕಿಕೊಂಡು ಹೋದರು’ ಎಂದು ಸಲೀಸಾಗಿ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಸ್ವೀಡನ್ ಇವತ್ತು ಶ್ರೀಮಂತ ದೇಶ. ಹತ್ತೊಂಬತ್ತನೇ ಶತಮಾನದ ಮಧ್ಯದಿಂದ ಮುಂದಿನ ಎಂಬತ್ತು ವರ್ಷದಲ್ಲಿ ಅಲ್ಲಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಅಮೆರಿಕಕ್ಕೆ ಎದ್ದುಹೋಗಿದ್ದರು.

ಟ್ರೊಯೆಲ್ ತಾನೇ ಕ್ಯಾಮೆರಾ ಹಿಡಿದು, ತಾನೇ ಸಂಕಲನ ಮಾಡಿದ. ಹಾಗಾಗಿಯೋ ಏನೋ ಚಿತ್ರದಲ್ಲಿ ಕೈಗಳೇ ಹೆಚ್ಚು ಕಾಣುತ್ತವೆ. ಎರಡನೆಯ ಭಾಗದಲ್ಲಿ ಮಿನೆಸೋಟದ ಕೆರೆಯ ದಂಡೆಯ ಕಪ್ಪು ಮಣ್ಣು ಆ ಕೈಗೆ ಸಿಗುತ್ತದೆ, ಕಲ್ಲಿಲ್ಲದ ಮಣ್ಣು. ಇಲ್ಲಿಗೆ ಸುಖಾಂತ್ಯ ಅಂದುಕೊಳ್ಳುವಷ್ಟರಲ್ಲಿ ಚಿತ್ರ ಇನ್ನೊಂದು ಪ್ರಶ್ನೆ ಎತ್ತುತ್ತದೆ. ಈ ಮಣ್ಣು ಯಾರದು? 1862ರಲ್ಲಿ ಸರ್ಕಾರ ಕೊಡಬೇಕಾಗಿದ್ದ ಹಣ, ಧಾನ್ಯ ಬಾರದೆ ಹಸಿದ ಡಕೋಟಾ ಜನ, ಅಲ್ಲಿನ ಮೂಲನಿವಾಸಿಗಳು, ದಂಗೆ ಎದ್ದರು. ವಲಸೆ ಬಂದ ರೈತರ ಮನೆಗಳ ಮೇಲೆ ಬಿದ್ದರು. ದಂಗೆ ಅಡಗಿದ ಮೇಲೆ, ಡಿಸೆಂಬರ್ 26ರಂದು, ಮ್ಯಾಂಕೇಟೋ ಎಂಬಲ್ಲಿ 38 ಜನ ಡಕೋಟಾ ಗಂಡಸರನ್ನು ಒಟ್ಟಿಗೆ ನೇಣಿಗೆ ಹಾಕಿದರು. ಟ್ರೊಯೆಲ್ ಎರಡನ್ನೂ ತೋರಿಸುತ್ತಾನೆ, ಯಾರ ಪರವಾಗಿಯೂ ವಾದಿಸುವುದಿಲ್ಲ. ಹಸಿವಿನಿಂದ ಓಡಿಬಂದವರ ಹೊಲ ಇನ್ನೊಬ್ಬರನ್ನು ಹಸಿವಿಗೆ ತಳ್ಳಿತ್ತು ಅನ್ನುವುದನ್ನು ಇಷ್ಟು ನೇರವಾಗಿ ಹೇಳಿದ ವಲಸೆಯ ಚಿತ್ರ ನಾನು ಬೇರೆ ನೋಡಿಲ್ಲ.

ಇಟಲಿಯ ಎಮಾನುಯೆಲೆ ಕ್ರಿಯಾಲೇಸೆಯ 2006ರ ‘ಗೋಲ್ಡನ್ ಡೋರ್’ ಈ ವಿಷಯದಲ್ಲಿ ಇನ್ನೂ ಹಟಮಾರಿ. ಸಿಸಿಲಿಯ ಬೆಟ್ಟದ ಮೇಲಿನ ಒಂದು ಕುಟುಂಬಕ್ಕೆ ಅಮೆರಿಕ ಗೊತ್ತಿರುವುದು ಪೋಸ್ಟ್‌ಕಾರ್ಡಿನಿಂದ. ದುಡ್ಡು ಬಿಡುವ ಮರ, ಆಳೆತ್ತರದ ತರಕಾರಿ. ಹಡಗು ಹೊರಡುವ ಹೊತ್ತಿಗೆ ಕ್ಯಾಮೆರಾ ಮೇಲಿನಿಂದ ನೋಡುತ್ತದೆ. ಒಂದೇ ಜನಸಂದಣಿ ಅಂದುಕೊಂಡದ್ದು ನಿಧಾನವಾಗಿ ಎರಡಾಗಿ ಸೀಳುತ್ತದೆ, ನಡುವೆ ನೀರು. ಯಾರೂ ಅಳುವುದಿಲ್ಲ, ಸುಮ್ಮನೆ ನೋಡುತ್ತಾರೆ. ಆಮೇಲೆ ಎಲ್ಲಿಸ್ ದ್ವೀಪ, ನ್ಯೂಯಾರ್ಕ್ ಬಂದರಿನಲ್ಲಿ ವಲಸೆಗಾರರನ್ನು ತಪಾಸಣೆ ಮಾಡುತ್ತಿದ್ದ ತಾಣ. 1892ರಿಂದ 1954ರವರೆಗೆ ಸುಮಾರು 1 ಕೋಟಿ 20 ಲಕ್ಷ ಜನ ಹಾದುಹೋದ ಜಾಗ ಅದು. ವೈದ್ಯರು ಗುಂಡಿ ಹಾಕುವ ಕೊಕ್ಕೆಯಿಂದ ಕಣ್ಣಿನ ರೆಪ್ಪೆ ಮಗುಚಿ ಕಣ್ಣುಬೇನೆ ಹುಡುಕುತ್ತಿದ್ದರು. ಅನುಮಾನ ಬಂದವರ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದಕ್ಷರ ಬರೆಯುತ್ತಿದ್ದರು. ಮರದ ತುಂಡುಗಳನ್ನು ಜೋಡಿಸಿ ಬುದ್ಧಿ ಸರಿಯಿದೆ ಎಂದು ತೋರಿಸಬೇಕಿತ್ತು. ಊರಲ್ಲಿ ಜನರ ಮೈಗೆ ಹೊಕ್ಕ ದೆವ್ವ ಬಿಡಿಸುತ್ತಿದ್ದ ಮುದುಕಿ ಇಲ್ಲಿ ಮರದ ತುಂಡುಗಳ ಮುಂದೆ ಬುದ್ಧಿಯಿಲ್ಲದವಳಾಗುತ್ತಾಳೆ. ಇಡೀ ಚಿತ್ರದಲ್ಲಿ ಅಮೆರಿಕ ಕಾಣುವುದೇ ಇಲ್ಲ. ಎಲ್ಲ ಮಂಜು.

‘ಗಾಡ್‌ಫಾದರ್’ ಎರಡನೇ ಭಾಗದಲ್ಲೂ ಎಲ್ಲಿಸ್ ದ್ವೀಪದ ಪ್ರಸಿದ್ಧ ದೃಶ್ಯವಿದೆ. ಮಾತಾಡದ ಹುಡುಗನ ಊರಿನ ಹೆಸರನ್ನೇ ಅಧಿಕಾರಿ ಅವನ ಮನೆತನದ ಹೆಸರಾಗಿ ಬರೆದುಬಿಡುತ್ತಾನೆ. ದೃಶ್ಯ ಅದ್ಭುತ, ಚರಿತ್ರೆ ಮಾತ್ರ ಹಾಗಿಲ್ಲ. ಅಲ್ಲಿನ ಅಧಿಕಾರಿಗಳು ಹಡಗಿನವರು ಬರೆದು ತಂದ ಪಟ್ಟಿಯನ್ನು ಮುಂದಿಟ್ಟುಕೊಂಡು ತಾಳೆ ನೋಡುತ್ತಿದ್ದರು. ಹೆಸರು ಬದಲಿಸಿಕೊಂಡವರು ಹೆಚ್ಚಿನವರು ಆಮೇಲೆ ತಾವಾಗಿಯೇ, ಕೆಲಸ ಸಿಗಲಿ ಎಂದೋ ಶಾಲೆಯಲ್ಲಿ ಮಕ್ಕಳನ್ನು ಆಡಿಕೊಳ್ಳದಿರಲಿ ಎಂದೋ ಬದಲಿಸಿಕೊಂಡರು. ಅದನ್ನು ಅಧಿಕಾರಿಯ ತಲೆಗೆ ಕಟ್ಟುವುದು ಮೊಮ್ಮಕ್ಕಳಿಗೂ ಅನುಕೂಲ, ಸಿನಿಮಾಕ್ಕೂ ಅನುಕೂಲ.

ಇನ್ನು ‘ಎಲ್ ನೊರ್ತೆ’. ಗ್ರೆಗೊರಿ ನಾವಾನ 1983ರ ಚಿತ್ರ. ಇಷ್ಟರಲ್ಲಿ ಒಂದನ್ನೇ ನೋಡುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಗ್ವಾಟೆಮಾಲದ ಬೆಟ್ಟದೂರಿನ ಮಾಯಾ ಜನಾಂಗದ ಅಣ್ಣ ತಂಗಿ, ಎನ್ರಿಕೆ ಮತ್ತು ರೋಸಾ. ಮನೆಯಲ್ಲಿ ಆಡುವುದು ಕಿಚೆ ಭಾಷೆ, ಹೊರಗೆ ಸ್ಪ್ಯಾನಿಷ್. ಅಪ್ಪ ಕಾಫಿ ತೋಟದ ಕೂಲಿ. ಶ್ರೀಮಂತರ ಕಣ್ಣಿಗೆ ನಾವು ಬರಿಯ ತೋಳುಗಳು ಎಂದು ಮಗನಿಗೆ ಹೇಳುತ್ತಾನೆ. ಕೂಲಿಗಳನ್ನು ಒಟ್ಟುಗೂಡಿಸಲು ಹೋದದ್ದಕ್ಕೆ ಸೈನಿಕರು ಅವನ ತಲೆ ಕಡಿದು ಮರಕ್ಕೆ ನೇತುಹಾಕುತ್ತಾರೆ. ಅಮ್ಮನನ್ನು ಲಾರಿಯಲ್ಲಿ ಎತ್ತಿಕೊಂಡು ಹೋಗುತ್ತಾರೆ. ಇದು ಕಟ್ಟುಕತೆಯ ಅತಿರೇಕವಲ್ಲ. 1954ರಲ್ಲಿ ಅಮೆರಿಕದ ಬೇಹುಗಾರಿಕೆ ಸಂಸ್ಥೆಯ ಬೆಂಬಲದಿಂದ ಅಲ್ಲಿನ ಚುನಾಯಿತ ಸರ್ಕಾರವನ್ನು ಉರುಳಿಸಿದ್ದರು. 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸತ್ತವರು, ಕಾಣೆಯಾದವರು 2 ಲಕ್ಷಕ್ಕೂ ಮೇಲೆ. ಹೆಚ್ಚಿನವರು ಮಾಯಾ ಜನ. ಚಿತ್ರ ತಯಾರಾದದ್ದು ಆ ಕೊಲೆಗಳು ಅತಿ ಹೆಚ್ಚು ನಡೆದ ವರ್ಷಗಳಲ್ಲಿ.

ಆ ಊರಲ್ಲೊಬ್ಬ ಅಜ್ಜಿಯಂಥ ಹೆಂಗಸು ಇದ್ದಾಳೆ, ಜೋಸೆಫೀಟಾ. ಅಮೆರಿಕದ ಗೃಹಿಣಿಯರ ಮಾಸಪತ್ರಿಕೆಯ ಹಳೆಯ ಸಂಚಿಕೆಗಳನ್ನು ವರ್ಷಗಳಿಂದ ನೋಡಿ ನೋಡಿ ಅವಳಿಗೆ ಉತ್ತರ ದೇಶದ ವಿಷಯವೆಲ್ಲ ಗೊತ್ತು. ಅಲ್ಲಿ ಬಡವರ ಮನೆಯಲ್ಲೂ ನೀರು ಸುರಿಯುವ ಕಕ್ಕಸು, ಎಲ್ಲರಿಗೂ ಕಾರು. ಅವಳು ಅದನ್ನು ವರ್ಣಿಸುವಾಗ ನಮಗೆ ನಗು. ಮುಂದೆ ಅವಳೇ ತನ್ನ ಉಳಿತಾಯವನ್ನೆಲ್ಲ ರೋಸಾಳ ಕೈಗೆ ಹಾಕುತ್ತಾಳೆ. ಹೋಗಿಬಂದ ಇನ್ನೊಬ್ಬನ ಸಲಹೆ ಬೇರೆ ಥರ. ಮೆಕ್ಸಿಕೋದವರು ಅಂತ ಹೇಳಿಕೊಳ್ಳಿ, ಮಾತಿಗೊಂದು ಬೈಗುಳ ಸೇರಿಸಿ, ನಂಬುತ್ತಾರೆ. ಗಡಿಯಲ್ಲಿ ಸಿಕ್ಕಿಬಿದ್ದಾಗ ಎನ್ರಿಕೆ ಅದೇ ಬೈಗುಳವನ್ನು ಅಧಿಕಾರಿಯ ಮುಂದೆ ಧಾರಾಳವಾಗಿ ಸುರಿಸುತ್ತಾನೆ, ಅಧಿಕಾರಿ ನಂಬುತ್ತಾನೆ. ನಂಬದಿದ್ದರೆ ಗತಿ ಏನಾಗುತ್ತಿತ್ತು ಅಂದರೆ ಗ್ವಾಟೆಮಾಲಕ್ಕೆ, ಸೈನಿಕರ ಕೈಗೆ. ಆ ಕಾಲಕ್ಕೆ ಅಲ್ಲಿಂದ ಓಡಿಬಂದು ಅಮೆರಿಕದಲ್ಲಿ ಆಶ್ರಯ ಕೇಳಿದವರಲ್ಲಿ ಶೇಕಡಾ 3ರಷ್ಟು ಜನರಿಗೂ ಅದು ಸಿಗುತ್ತಿರಲಿಲ್ಲ.

ಇಬ್ಬರೂ ಒಂದು ಪಾಳುಬಿದ್ದ ಚರಂಡಿ ಕೊಳವೆಯೊಳಗೆ ಮೊಣಕಾಲೂರಿ ತೆವಳಿ ಗಡಿ ದಾಟುತ್ತಾರೆ. ಒಳಗೆ ಇಲಿಗಳು. ಆ ದೃಶ್ಯವನ್ನು ನಾನು ಎರಡನೆಯ ಸಲ ನೋಡಲಾರೆ. ಆಚೆ ಸ್ಯಾನ್ ಡಿಯಾಗೋದ ದೀಪಗಳು, ಆಮೇಲೆ ಲಾಸ್ ಏಂಜಲೀಸ್. ಅಲ್ಲಿಂದ ಸ್ವಲ್ಪ ಹೊತ್ತು ಚಿತ್ರ ಹಗುರಾಗುತ್ತದೆ. ದೊಡ್ಡ ಮನೆಯಲ್ಲಿ ಕೆಲಸಕ್ಕೆ ಸೇರಿದ ರೋಸಾಳಿಗೆ ಯಜಮಾನಿ ಬಟ್ಟೆ ಒಗೆಯುವ ಯಂತ್ರದ ಗುಂಡಿಗಳನ್ನು ಪಟಪಟನೆ ವಿವರಿಸುತ್ತಾಳೆ. ಇವಳಿಗೆ ಒಂದೂ ಹತ್ತುವುದಿಲ್ಲ. ಕೊನೆಗೆ ಎಲ್ಲವನ್ನೂ ಕೈಯಲ್ಲೇ ತಿಕ್ಕಿ ತೊಳೆದು, ಅಂಗಳದ ಹುಲ್ಲಿನ ಮೇಲೆ ಒಣಗಲು ಹರಡುತ್ತಾಳೆ. ನಾನು ಗಟ್ಟಿಯಾಗಿ ನಕ್ಕೆ, ಯಾಕೆಂದರೆ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಸೀರೆ ಒಣಹಾಕಿ ಎಚ್ಚರಿಕೆಯ ಚೀಟಿ ಪಡೆದವಳು ನಾನೂ.

ಆದರೆ ಇಲಿ ಕಚ್ಚಿದ್ದು ಸುಮ್ಮನೆ ಬಿಡುವುದಿಲ್ಲ. ರೋಸಾ ಜ್ವರ ಬಂದರೂ ಆಸ್ಪತ್ರೆಗೆ ಹೋಗಲು ಹೆದರುತ್ತಾಳೆ, ಹಿಡಿದು ವಾಪಸ್ ಕಳಿಸುತ್ತಾರೆ ಅಂತ. ಹೋಗುವ ಹೊತ್ತಿಗೆ ತಡವಾಗಿರುತ್ತದೆ. ಊರಲ್ಲಿ ನಮಗೆ ಮನೆಯಿಲ್ಲ, ಇಲ್ಲೂ ನಮ್ಮನ್ನು ಒಪ್ಪುವುದಿಲ್ಲ, ಸತ್ತಮೇಲೇ ನಮಗೊಂದು ಮನೆಯೇನೋ ಎಂಬರ್ಥದ ಮಾತು ಹಾಸಿಗೆಯಲ್ಲಿ ಮಲಗಿ ಅಣ್ಣನಿಗೆ ಹೇಳುತ್ತಾಳೆ. ಮರುದಿನ ದಿನಗೂಲಿಗಳನ್ನು ಆರಿಸಿಕೊಳ್ಳುವ ಜಾಗದಲ್ಲಿ ಎನ್ರಿಕೆ ಮುಂದೆ ನುಗ್ಗಿ ತನ್ನ ತೋಳು ಗಟ್ಟಿಯಾಗಿವೆ ಎಂದು ಕೂಗುತ್ತಾನೆ. ಅಪ್ಪ ಯಾವುದರಿಂದ ತಪ್ಪಿಸಿಕೊಳ್ಳಲು ಹೋಗಿ ಸತ್ತನೋ ಅದನ್ನೇ ಮಗ ಈಗ ಕೂಗಿ ಮಾರುತ್ತಿದ್ದಾನೆ. ಚಿತ್ರದ ಮೊದಲ ಭಾಗ ಊರಲ್ಲೇ ನಡೆದಿರದಿದ್ದರೆ ಈ ಕೂಗಿಗೆ ಅರ್ಥವೇ ಇರುತ್ತಿರಲಿಲ್ಲ. ಒಬ್ಬ ಕೂಲಿಯವನು ಕೆಲಸ ಕೇಳಿದ, ಅಷ್ಟೇ ಆಗುತ್ತಿತ್ತು.

ನನ್ನ ವಾದಕ್ಕೆ ಎದುರು ನಿಲ್ಲುವ ಚಿತ್ರಗಳೂ ಇವೆ. 2020ರ ‘ಮಿನಾರಿ’ ಕೊರಿಯಾವನ್ನು ಒಂದು ಕ್ಷಣವೂ ತೋರಿಸುವುದಿಲ್ಲ. ಲೀ ಐಸಾಕ್ ಚಂಗ್ ತಾನು ಬೆಳೆದ ಆರ್ಕನ್ಸಾದ ಹಳ್ಳಿಗಾಡನ್ನೇ ನೆನೆದು ಮಾಡಿದ ಚಿತ್ರ. ಗಂಡ ಹೆಂಡತಿ ಇಬ್ಬರೂ ಕೋಳಿಮರಿಗಳಲ್ಲಿ ಗಂಡು ಹೆಣ್ಣು ಬೇರ್ಪಡಿಸುವ ಕೆಲಸದವರು. ಗಂಡು ಮರಿಗಳು ಉಪಯೋಗಕ್ಕಿಲ್ಲ, ಸುಟ್ಟುಹಾಕುತ್ತಾರೆ. ಚಿಮಣಿಯ ಹೊಗೆ ತೋರಿಸಿ ಅಪ್ಪ ಪುಟ್ಟ ಮಗನಿಗೆ, ನಾವು ಉಪಯೋಗಕ್ಕೆ ಬರುವವರಾಗಬೇಕು ಅನ್ನುತ್ತಾನೆ. ಅವನಿಗೆ ತೋಟ ಮಾಡುವ ಹುಚ್ಚು, ಅವಳಿಗೆ ಪಟ್ಟಣ ಸೇರುವ ಆಸೆ. ಅಮೆರಿಕದವರು ಯಾರೂ ಇಲ್ಲಿ ದುಷ್ಟರಲ್ಲ. ಕಷ್ಟವೆಲ್ಲ ಅವರಿದ್ದ ಚಕ್ರದ ಮೇಲಿನ ಮನೆಯೊಳಗೇ, ಗಂಡಹೆಂಡಿರ ನಡುವೆ.

ಆದರೂ ಊರು ಬರುತ್ತದೆ, ಅಜ್ಜಿಯ ಚೀಲದಲ್ಲಿ. ಮಗಳ ಮುಂದೆ ಆಕೆ ಕೊರಿಯಾದ ಮೆಣಸಿನಪುಡಿ, ಒಣಮೀನು ಒಂದೊಂದಾಗಿ ತೆಗೆದಿಡುವಾಗ ಮಗಳಿಗೆ ಅಳು ತಡೆಯುವುದಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಈ ಚಿತ್ರ ನೋಡುವಾಗ ಪಕ್ಕದಲ್ಲಿ ಅಮ್ಮ ಕೂತಿದ್ದಳು. ಹುಳಿಪುಡಿ, ಚಟ್ನಿಪುಡಿಯ ಮೇಲೆ ಮೂರು ಪದರ ಪ್ಲಾಸ್ಟಿಕ್ ಸುತ್ತಿ, ಸೂಟ್‌ಕೇಸನ್ನು ಬಚ್ಚಲಿನ ತಕ್ಕಡಿಯ ಮೇಲೆ ನಿಲ್ಲಿಸಿ 23 ಕಿಲೋ ಮೀರದ ಹಾಗೆ ನೋಡಿ ಹೊತ್ತು ತಂದವಳು. ಅವಳು ಅಳಲಿಲ್ಲ. ‘ಆ ಅಜ್ಜಿಗೆ ಆ ದೇಶದಲ್ಲಿ ಮಾತಾಡ್ಸೋರೇ ಯಾರೂ ಇಲ್ವಲ್ಲೇ’ ಅಂದಳು. ಆ ಪಾತ್ರ ಮಾಡಿದ ಯೂನ್ ಯೊ-ಜಂಗ್ ಅವರಿಗೆ ಆಸ್ಕರ್ ಬಂತು ಎಂದೆ. ‘ಬರಲಿ ಬಿಡು, ಆದ್ರೂ ಮಾತಾಡ್ಸೋರಿಲ್ಲ’ ಎಂದಳು.

ಮೀರಾ ನಾಯರ್ ಅವರ 2006ರ ‘ದಿ ನೇಮ್‌ಸೇಕ್’ ನಮಗೆ ಇನ್ನೂ ಹತ್ತಿರದ್ದು. ಮದುವೆಯಾಗಿ ಕಲ್ಕತ್ತೆಯಿಂದ ನ್ಯೂಯಾರ್ಕಿನ ಚಳಿಗೆ ಬಂದ ಆಶಿಮಾ ಬೆಳಗಿನ ತಿಂಡಿಯ ಡಬ್ಬದಿಂದ ಅಕ್ಕಿಯ ಅರಳು ಸುರಿದುಕೊಂಡು, ಕಡಲೆಕಾಯಿ, ಖಾರದಪುಡಿ ಬೆರೆಸಿ ತಿನ್ನುತ್ತಾಳೆ. ಗಂಡನ ಉಣ್ಣೆಯ ಸ್ವೆಟರನ್ನು ಒಗೆಯಲು ಹೋಗಿ ಗೊಂಬೆಯ ಅಂಗಿಯಷ್ಟು ಮಾಡುತ್ತಾಳೆ. ಟಬು ಇದನ್ನೆಲ್ಲ ಮಾಡುವ ರೀತಿ ನೋಡಿ ನನ್ನ ಗೆಳತಿಯರೆಲ್ಲ ಇದು ನಮ್ಮ ಕತೆ ಎಂದರು. ನನಗೆ ಅಲ್ಲಿ ಅತಿ ಕಷ್ಟದ್ದು ಅನ್ನಿಸಿದ್ದು ದೂರವಾಣಿ. ಅಪ್ಪ ತೀರಿಕೊಂಡ ಸುದ್ದಿ ಫೋನಿನಲ್ಲಿ ಬರುತ್ತದೆ. ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ರಾತ್ರಿ ಹೊತ್ತು ಊರಿನ ನಂಬರು ಕಂಡರೆ ಎದೆ ಧಸಕ್ಕೆನ್ನುವುದು ಹೊರಗಿರುವ ಯಾವ ಕನ್ನಡಿಗನಿಗೆ ಗೊತ್ತಿಲ್ಲ?

ಕನ್ನಡದಲ್ಲಿ ಈ ವಿಷಯ ಎಂದರೆ ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕ ಅಮೆರಿಕ’. ಕಜಾನನ ಚಿತ್ರಕ್ಕೂ ಇದಕ್ಕೂ ಹೆಸರೊಂದು ಬಿಟ್ಟರೆ ನಂಟಿಲ್ಲ. ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ಮನೋ ಮೂರ್ತಿಯವರ ಸಂಗೀತದಲ್ಲಿ ಅಡಿಗರ ‘ಯಾವ ಮೋಹನ ಮುರಳಿ’ ಮನೆಮನೆಗೆ ಮುಟ್ಟಿದ್ದು ಅದರಿಂದ. ಅಡಿಗರ ಕವಿತೆಗೂ ಅಮೆರಿಕಕ್ಕೂ ಸಂಬಂಧವಿಲ್ಲ, ಆದರೆ ಈಗ ಅದನ್ನು ಕೇಳಿದರೆ ಒಂದು ತಲೆಮಾರಿಗೆ ವಿಮಾನವೇ ನೆನಪಾಗುತ್ತದೆ. ಹೋಗಬೇಕೆನ್ನುವವ ಒಬ್ಬ, ಇಲ್ಲೇ ಬದುಕು ಎನ್ನುವವ ಒಬ್ಬ, ನಡುವೆ ಒಬ್ಬಳು. ಅಲ್ಲಿ ಹೊಟ್ಟೆಯ ಹಸಿವಿಲ್ಲ, ಸೈನಿಕರಿಲ್ಲ, ಚರಂಡಿ ಕೊಳವೆಯಿಲ್ಲ. ಹೋದದ್ದು ಸರಿಯೋ ತಪ್ಪೋ ಎಂಬುದೇ ಕಷ್ಟ. ಮೇಲ್ಮಧ್ಯಮ ವರ್ಗದ ಕಷ್ಟ ಎಂದು ಮೂಗು ಮುರಿಯುವುದು ಸುಲಭ. ಆದರೆ ಕರ್ನಾಟಕದಿಂದ ಅಮೆರಿಕಕ್ಕೆ ಹೋದವರಲ್ಲಿ ಹೆಚ್ಚಿನವರು ಓದಿದವರು, ಬೇಕಾದರೆ ಉಳಿಯಬಹುದಾಗಿದ್ದವರು. ಅವರ ಮನೆಗಳಲ್ಲಿ ಇವತ್ತಿಗೂ ನಡೆಯುವ ಜಗಳ ಅದೇ. ಆ ಮಟ್ಟಿಗೆ ಚಿತ್ರ ಪ್ರಾಮಾಣಿಕ.

ನಮ್ಮವರ ನಿಜವಾದ ಕಷ್ಟ, ಸರದಿ, ಇನ್ನೂ ಸಿನಿಮಾ ಆಗಿಲ್ಲ. ಬೆಂಗಳೂರಿನವರು ವೀಸಾ ಸ್ಟಾಂಪಿಂಗಿಗೆ ಚೆನ್ನೈನ ಜೆಮಿನಿ ಸರ್ಕಲ್ಲಿನ ಅಮೆರಿಕದ ಕಾನ್ಸುಲೇಟಿಗೆ ಹೋಗಿ ಬೆಳಗಿನಿಂದ ಸಾಲಿನಲ್ಲಿ ನಿಂತು ಶುರುವಾಗುವ ಸರದಿ ಅದು. ಉದ್ಯೋಗದ ಆಧಾರದ ಗ್ರೀನ್ ಕಾರ್ಡುಗಳು, ಅಂದರೆ ಅಲ್ಲಿ ಕಾಯಂ ನೆಲೆಸುವ ಪರವಾನಗಿಗಳು, ವರ್ಷಕ್ಕೆ ಸುಮಾರು 1,40,000. ಯಾವ ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚಿಲ್ಲ, ದೇಶ ಐಸ್‌ಲ್ಯಾಂಡ್ ಆದರೂ ಅಷ್ಟೇ, ಭಾರತವಾದರೂ ಅಷ್ಟೇ. ಹಾಗಾಗಿ ಯಾವ ತಾರೀಕಿನವರ ಸರದಿ ಬಂತು ಎಂದು ತಿಂಗಳಿಗೊಮ್ಮೆ ತಿಳಿಸುವ ವೀಸಾ ಬುಲೆಟಿನ್ ನೋಡಿ ‘ಡೇಟ್ ಮೂವ್ ಆಯ್ತಾ?’ ಅಂತ ಕೇಳುತ್ತ ಕೂದಲು ಬೆಳ್ಳಗಾದವರು ಫ್ರೀಮಾಂಟಿನಲ್ಲಿ ಬೀದಿಗೆ ಹತ್ತು ಜನ. ಪುಟ್ಟ ಮಗುವಾಗಿ ಹೋದವನಿಗೆ 21 ತುಂಬಿದರೆ ಅಪ್ಪನ ಸಾಲಿನಿಂದ ಹೊರಗೆ. ಕಾಯುವುದನ್ನು ಚಿತ್ರೀಕರಿಸುವುದು ಹೇಗೆ? ಹಡಗಿಲ್ಲ, ಅಲೆಯಿಲ್ಲ. ಸ್ವಂತ ಮನೆ, ಎರಡು ಕಾರು, ಭಾನುವಾರದ ಕನ್ನಡ ಕಲಿ ತರಗತಿ ಎಲ್ಲ ಇದ್ದೂ ಕೆಲಸ ಹೋದರೆ 60 ದಿನದಲ್ಲಿ ಗಂಟುಮೂಟೆ. ಒಳ್ಳೆಯ ನಿರ್ದೇಶಕರಿಗೆ ಇದು ಸವಾಲು, ಆಗದ ಕೆಲಸವಲ್ಲ.

ಅದಕ್ಕಿಂತ ತುರ್ತಾಗಿ ನನಗೆ ಬೇಕಾಗಿರುವ ಚಿತ್ರ ಬೇರೆ. ಭಾರತದವರೆಲ್ಲ ವಿಮಾನದಲ್ಲೇ ಹೋಗುವವರು ಎಂಬ ಮಾತು ಈಗ ಅರ್ಧ ಸುಳ್ಳು. 2022ರ ಜನವರಿಯಲ್ಲಿ ಕೆನಡಾದ ಮ್ಯಾನಿಟೋಬಾದ ಎಮರ್ಸನ್ ಹತ್ತಿರ, ಅಮೆರಿಕದ ಗಡಿಗೆ ಕೆಲವೇ ಹೆಜ್ಜೆ ದೂರದಲ್ಲಿ, ಗುಜರಾತಿನ ಡಿಂಗೂಚಾ ಎಂಬ ಊರಿನ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಹಿಮದಲ್ಲಿ ಹೆಪ್ಪುಗಟ್ಟಿ ಸತ್ತರು. 2025ರ ಫೆಬ್ರವರಿಯಲ್ಲಿ ಅಮೆರಿಕದ ಸೇನಾ ವಿಮಾನವೊಂದು 104 ಜನ ಭಾರತೀಯರನ್ನು ಕೈಕಾಲಿಗೆ ಸಂಕೋಲೆ ಹಾಕಿ ಅಮೃತಸರಕ್ಕೆ ತಂದಿಳಿಸಿತು. ಇದರ ಮೇಲೆ ಸಿನಿಮಾ ಬಂದೇ ಬರುತ್ತದೆ. ಬಂದಾಗ ಮೊದಲ ದೃಶ್ಯವೇ ಹಿಮವೋ ಸಂಕೋಲೆಯೋ ಆಗಿರುತ್ತದೆ ಎಂಬ ಭಯ ನನಗಿದೆ. ಮಾಡುವವರು ಮೊದಲ ಒಂದು ಗಂಟೆ ಊರು ಬಿಟ್ಟು ಕದಲಬಾರದು. ಎಷ್ಟು ಜಮೀನಿತ್ತು, ಯಾವುದನ್ನು ಯಾರಿಗೆ ಅಡ ಇಟ್ಟರು, ಏಜೆಂಟು ಯಾರ ಮದುವೆಯಲ್ಲಿ ಪರಿಚಯವಾದ, ಹೋಗಿ ನೆಲೆಯಾದವರ ಮನೆಗೆ ಯಾವ ಬಣ್ಣದ ಟೈಲ್ಸು ಹಾಕಿಸಿದ್ದರು, ಅದನ್ನು ನೋಡಿ ಇವರ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಏನು ಮಾತಾಯಿತು, ಬೇಡ ಎಂದವರು ಯಾರು, ಕೊನೆಗೆ ಅವರನ್ನು ಹೇಗೆ ಒಪ್ಪಿಸಿದರು. ಇಷ್ಟು ತೋರಿಸಿ ಆಮೇಲೆ ಬೇಕಾದರೆ ವಿಮಾನ ಹತ್ತಿಸಲಿ.